ತಂತಿ ಬೆಂಗಳೂರಲ್ಲಿ ಹಾಕಿಸಿ, ಆರೈಕೆ ವೆನ್ಲಾಕಿಗೂ ಅಜ್ಜರಕಾಡಿಗೂ ಕೊಡಿ: ಆರೋಗ್ಯ ಇಲಾಖೆಗೊಂದು ಬಹಿರಂಗ ಪತ್ರ

ಗೆ,
ಪ್ರಧಾನ ಕಾರ್ಯದರ್ಶಿಯವರು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ಬೆಂಗಳೂರು
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ದಕ್ಷಿಣ ಕನ್ನಡ ಹಾಗೂ ಉಡುಪಿ

ಮಾನ್ಯರೇ,

ಮಂಗಳೂರಿಗೋ ಉಡುಪಿಗೋ ಮೆದುಳಿನ ಶಸ್ತ್ರಚಿಕಿತ್ಸೆಯ ಹೊಸ ಕೇಂದ್ರ ಮಂಜೂರು ಮಾಡಿ ಎಂದು ಕೇಳಲು ಈ ಪತ್ರ ಬರೆದಿಲ್ಲ. ಡಿಸ್ಟೋನಿಯಾದಂಥ ಅಪರೂಪದ ಕಾಯಿಲೆಗೆ ತಲೆಬುರುಡೆ ಕೊರೆದು ಮೆದುಳಿಗೆ ಕರೆಂಟು ಹರಿಸುವ ತಂತಿ ಇಳಿಸುವ ಕೆಲಸ ಅದರಲ್ಲೇ ಪಳಗಿದ ಕೈಗಳಲ್ಲಿ ಆಗಬೇಕು. ಅದು ಬೆಂಗಳೂರಿನಲ್ಲೇ ಆಗಲಿ. ನಾವು ಕೇಳುತ್ತಿರುವುದು ಆಪರೇಷನ್ನಿಗೆ ಮೊದಲಿನ ಆರು ತಿಂಗಳನ್ನೂ ಆಮೇಲಿನ ಇಪ್ಪತ್ತು ವರ್ಷಗಳನ್ನೂ ಕರಾವಳಿಯ ಸರ್ಕಾರಿ ಆಸ್ಪತ್ರೆಗಳಾದ ಮಂಗಳೂರಿನ ವೆನ್ಲಾಕಿಗೂ ಉಡುಪಿಯ ಅಜ್ಜರಕಾಡಿಗೂ ವಹಿಸಿಕೊಡಿ ಎಂದು. ನರರೋಗ, ನರಶಸ್ತ್ರಚಿಕಿತ್ಸೆ, ನರ್ಸಿಂಗ್, ಫಿಸಿಯೋಥೆರಪಿ, ಈ ನಾಲ್ಕು ಕಡೆಯವರು ಕೂಡಿ ಬರೆದ ಪತ್ರ ಇದು. ವಿವರ ಸ್ವಲ್ಪ ಜಾಸ್ತಿ ಎನಿಸಬಹುದು, ಆದರೆ ಕಡತದ ಭಾಷೆಯಲ್ಲಿ ನಾಲ್ಕು ಸಾಲು ಬರೆದರೆ ಈ ವಿಷಯ ತಲೆಗೆ ಹತ್ತುವಂಥದ್ದಲ್ಲ.

ತೋಳು ಮಡಚುವ ಸ್ನಾಯು ಬಿಗಿಯಾದಾಗ ಚಾಚುವ ಸ್ನಾಯು ಸಡಿಲವಾಗಬೇಕು. ಡಿಸ್ಟೋನಿಯಾದಲ್ಲಿ ಎರಡೂ ಒಟ್ಟಿಗೆ ಎಳೆಯುತ್ತವೆ. ಕುತ್ತಿಗೆ ಒಂದು ಕಡೆಗೆ ತಿರುಚಿಕೊಳ್ಳುತ್ತದೆ, ಪಾದ ಒಳಗೆ ಮಡಚಿಕೊಳ್ಳುತ್ತದೆ, ಬೆನ್ನು ಬಿಲ್ಲಿನಂತೆ ಬಾಗುತ್ತದೆ. ನಿದ್ದೆ ಬಂದರೆ ಹೆಚ್ಚಾಗಿ ಎಲ್ಲ ಶಾಂತ. 1911ರಲ್ಲಿ ಜರ್ಮನಿಯ ಹರ್ಮನ್ ಒಪೆನ್‌ಹೈಮ್ ಇದಕ್ಕೆ ಈಗಿನ ಹೆಸರಿಟ್ಟರು. ಮಕ್ಕಳಲ್ಲಿ ಕಾಲಿನಿಂದ ಶುರುವಾಗಿ ಮೈಯೆಲ್ಲ ಹಬ್ಬುವ ಒಂದು ಬಗೆಗೆ ಕಾರಣವಾದ ಜೀನ್ 1997ರಲ್ಲಿ ಸಿಕ್ಕಿತು. ಆ ದೋಷ ಇದ್ದವರಲ್ಲಿ ಸುಮಾರು ನೂರಕ್ಕೆ ಮೂವತ್ತು ಮಂದಿಗೆ ಮಾತ್ರ ಕಾಯಿಲೆ ಬರುತ್ತದೆ. ಹಾಗಾಗಿ 'ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ' ಎಂಬ ಮಾತಿನಿಂದ ಏನೂ ತೀರ್ಮಾನವಾಗುವುದಿಲ್ಲ.

ನೋಡುವವರಿಗೆ ಇದು ನಾಟಕದಂತೆ ಕಾಣುವುದಕ್ಕೂ ಕಾರಣವಿದೆ. ತಿರುಚಿದ ಕುತ್ತಿಗೆಯವರು ಗಲ್ಲಕ್ಕೆ ಒಂದು ಬೆರಳು ತಾಗಿಸಿದರೆ ಸಾಕು, ತಲೆ ನೆಟ್ಟಗಾಗುತ್ತದೆ. ಬೆರಳು ತೆಗೆದರೆ ಮತ್ತೆ ಮೊದಲಿನ ಹಾಗೆ. ಮುಂದಕ್ಕೆ ನಡೆಯುವಾಗ ಪಾದ ಸೊಟ್ಟಗಾಗುವ ಹುಡುಗ ಹಿಂದಕ್ಕೆ ನಡೆದರೆ ಸರಿಯಾಗಿ ನಡೆಯಬಲ್ಲ, ಕೆಲವೊಮ್ಮೆ ಓಡಲೂ ಬಲ್ಲ. ಇದು ಕಾಯಿಲೆಯದೇ ಲಕ್ಷಣ, ಪಠ್ಯಪುಸ್ತಕದಲ್ಲಿರುವುದು. ಗೊತ್ತಿಲ್ಲದ ವೈದ್ಯರ ಎದುರು ಅದೇ ಸುಳ್ಳಿನ ಸಾಕ್ಷಿಯಾಗುತ್ತದೆ. ಒಂದೇ ಕೆಲಸಕ್ಕೆ ಅಂಟಿಕೊಂಡ ಬಗೆಯಂತೂ ಇನ್ನೂ ವಿಚಿತ್ರ. ಬರೆಯುವಾಗ ಮಾತ್ರ ಕೈ ಸೆಟೆದುಕೊಳ್ಳುತ್ತದೆ, ಊಟಕ್ಕೆ ಕೂತರೆ ಅದೇ ಕೈ ಸರಿ ಇರುತ್ತದೆ. ಇಂಥದ್ದು ಬೀಡಿ ಕಟ್ಟುವ ಕೈಗೆ ಬಂದರೆ ಎಲೆ ಕತ್ತರಿಸುವಾಗ ಏನೂ ಕಾಣದೆ, ನೂಲು ಸುತ್ತುವ ಹೊತ್ತಿಗೆ ಬೆರಳು ಮಡಚಿಕೊಳ್ಳಬಹುದು. ಅಂಗವೈಕಲ್ಯ ಪ್ರಮಾಣಪತ್ರ ಕೊಡುವ ಮಂಡಳಿ ಅಂಥವರನ್ನು ಕುರ್ಚಿಯಲ್ಲಿ ಕೂರಿಸಿ ಕೈ ಹಿಡಿದು ನೋಡಿದರೆ ಏನೂ ಸಿಗದು. ಸೂಪು, ಅಂದರೆ ಬೀಡಿ ಕಟ್ಟುವ ಮೊರ, ತರಿಸಿ ಎರಡು ಬೀಡಿ ಕಟ್ಟಿಸಿ ನೋಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 'ದೀರ್ಘಕಾಲದ ನರಸಂಬಂಧಿ ಸ್ಥಿತಿಗಳು' ಎಂಬ ವರ್ಗವಿದೆ. ಪಾರ್ಕಿನ್ಸನ್ ಅಲ್ಲಿ ಹೆಸರಿಸಿದ ಉದಾಹರಣೆ ಮಾತ್ರ. ಡಿಸ್ಟೋನಿಯಾ ಹೆಸರು ಅಲ್ಲಿಲ್ಲವೆಂದು ಅರ್ಜಿ ಹಿಂದಿರುಗಿಸಬಾರದು ಎಂದು ಮಂಡಳಿಗಳಿಗೆ ಒಂದು ಸುತ್ತೋಲೆ ಹೊರಡಿಸಿದರೆ ಖರ್ಚಿಲ್ಲದೆ ಆಗುವ ಕೆಲಸ.

ಮೈ ಹೀಗೆ ತಿರುಚಿದಾಗ ನಮ್ಮ ಕಡೆ ಮೊದಲು ಜೋಯಿಸರ ಬಳಿ ಪ್ರಶ್ನೆ ಇಡಿಸುತ್ತಾರೆ, ದೈವದ ಉಪದ್ರವೋ ಎಂದು ಕೇಳುತ್ತಾರೆ. ಅದರ ಮೇಲೆ ನಮಗೆ ಜಗಳವಿಲ್ಲ. ಪ್ರಶ್ನೆಯೂ ಇಡಲಿ, ರಕ್ತಪರೀಕ್ಷೆಯೂ ಆಗಲಿ.

ಇನ್ನು ಪರೀಕ್ಷೆಗಳ ವಿಚಾರ. ಶಸ್ತ್ರಚಿಕಿತ್ಸೆಗೆ ಕಳಿಸುವ ಮೊದಲು ಎರಡು ಕಾಯಿಲೆ ಇಲ್ಲವೆಂದು ಖಚಿತವಾಗಲೇಬೇಕು, ಏಕೆಂದರೆ ಎರಡಕ್ಕೂ ಮಾತ್ರೆಯಿದೆ.

ಮೊದಲನೆಯದು ಲೆವೊಡೋಪಕ್ಕೆ, ಅಂದರೆ ಮೆದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಮದ್ದಿಗೆ, ಬಗ್ಗುವ ಡಿಸ್ಟೋನಿಯಾ. ಬೆಳಿಗ್ಗೆ ಎದ್ದಾಗ ಚೆನ್ನಾಗಿಯೇ ಇರುವ ಮಗು ಸಂಜೆಯಾಗುತ್ತಿದ್ದಂತೆ ಕಾಲೆಳೆಯುತ್ತದೆ. ಇಂಥವರಿಗೆ ದಿನಕ್ಕೆ 300 ಮಿಲಿಗ್ರಾಮಿಗಿಂತ ಕಡಿಮೆ ಲೆವೊಡೋಪ ಕೊಟ್ಟರೂ ಎದ್ದು ಓಡಾಡುತ್ತಾರೆ. ಇದನ್ನು ಪತ್ತೆ ಮಾಡಲು ದೊಡ್ಡ ಯಂತ್ರ ಬೇಡ, ಮಾತ್ರೆ ಕೊಟ್ಟು ನೋಡಿದರೆ ಆಯಿತು. ಆದರೆ ಆ ನೋಡುವಿಕೆಯೇ ಕೆಡುತ್ತದೆ. ಮಾರುಕಟ್ಟೆಯಲ್ಲಿ ಎರಡು ಬಗೆಯ ಮಾತ್ರೆ ಇವೆ: 100 ಮಿಲಿಗ್ರಾಂ ಲೆವೊಡೋಪಕ್ಕೆ 10 ಮಿಲಿಗ್ರಾಂ ಕಾರ್ಬಿಡೋಪ ಸೇರಿಸಿದ್ದು ಒಂದು, 25 ಸೇರಿಸಿದ್ದು ಇನ್ನೊಂದು. ಔಷಧ ಮೆದುಳು ತಲುಪುವ ಮೊದಲೇ ಮೈಯಲ್ಲಿ ಕರಗಿ ವಾಕರಿಕೆ ತರಿಸದಂತೆ ತಡೆಯುವುದೇ ಕಾರ್ಬಿಡೋಪದ ಕೆಲಸ. ಅದಕ್ಕೆ ದಿನಕ್ಕೆ ಸುಮಾರು 70 ಮಿಲಿಗ್ರಾಮಾದರೂ ಬೇಕು. ಮೊದಲ ಬಗೆಯದನ್ನು ದಿನಕ್ಕೆ ಮೂರು ಕೊಟ್ಟರೆ ಸಿಗುವುದು 30. ಮಗುವಿಗೆ ವಾಂತಿ ಶುರುವಾಗುತ್ತದೆ. ಮನೆಯವರು ಮೂರನೇ ದಿನಕ್ಕೆ ಮಾತ್ರೆ ನಿಲ್ಲಿಸುತ್ತಾರೆ. ಅಥವಾ ಯಾರೋ ವಾಂತಿಗೆಂದು ಮೆಟೊಕ್ಲೊಪ್ರಮೈಡ್ ಬರೆಯುತ್ತಾರೆ. ಡೋಪಮೈನನ್ನೇ ತಡೆಯುವ ಆ ಮದ್ದು ತಾನೇ ಡಿಸ್ಟೋನಿಯಾ ತರಿಸಬಲ್ಲದು. ಕೊನೆಗೆ ಕಾಗದದಲ್ಲಿ 'ಲೆವೊಡೋಪ ಫಲಿಸಲಿಲ್ಲ' ಎಂದು ಬರೆದು ಆಪರೇಷನ್ನಿಗೆ ಕಳಿಸುತ್ತಾರೆ. ಬೇಕಾದದ್ದು ಇಷ್ಟೇ: 25ರ ಮಾತ್ರೆ, ದೊಡ್ಡವರಿಗೆ ಅರ್ಧರ್ಧ ದಿನಕ್ಕೆ ಮೂರು ಸಲ, ವಾರಕ್ಕೊಮ್ಮೆ ಏರಿಸುತ್ತಾ 600 ಮಿಲಿಗ್ರಾಂವರೆಗೆ, ಕನಿಷ್ಠ ಒಂದು ತಿಂಗಳು. ಮಕ್ಕಳಿಗೆ ತೂಕದ ಕಿಲೋಗೆ ದಿನಕ್ಕೆ 1 ಮಿಲಿಗ್ರಾಮಿನಿಂದ ಶುರು. ವಾಂತಿಯಾದರೆ ಡಾಂಪೆರಿಡೋನ್. ಈ ಮಾತ್ರೆ ರಾಷ್ಟ್ರೀಯ ಅಗತ್ಯ ಔಷಧ ಪಟ್ಟಿಯಲ್ಲೇ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ 25ರದ್ದು ದಾಸ್ತಾನು ಇರಲಿ ಎನ್ನುವುದು ನಮ್ಮ ಮೊದಲ ಬೇಡಿಕೆ.

ಎರಡನೆಯದು ವಿಲ್ಸನ್ ಕಾಯಿಲೆ. ತಾಮ್ರ ಹೊರಹೋಗದೆ ಯಕೃತ್ತಿನಲ್ಲೂ ಮೆದುಳಿನಲ್ಲೂ ತುಂಬಿಕೊಳ್ಳುತ್ತದೆ. ರಕ್ತದಲ್ಲಿ ತಾಮ್ರ ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನು, ಕಣ್ಣಿನ ವಿಭಾಗದ ಸ್ಲಿಟ್ ಲ್ಯಾಂಪಿನಲ್ಲಿ ಕಾಣುವ ಕಂದು ಉಂಗುರ, 24 ಗಂಟೆಯ ಮೂತ್ರದಲ್ಲಿ 100 ಮೈಕ್ರೋಗ್ರಾಮಿಗೆ ಮೀರಿದ ತಾಮ್ರ, ಈ ಮೂರು ನೋಡಬೇಕು. ಮೂತ್ರ ಸಂಗ್ರಹದಲ್ಲಿ ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಬೆಳಗಿನ ಮೊದಲ ಮೂತ್ರವನ್ನು ಚೆಲ್ಲಿ ಅಲ್ಲಿಂದ ಗಂಟೆ ಲೆಕ್ಕ ಹಾಕಬೇಕು, ಆದರೆ ಮನೆಯವರು ಚೆಲ್ಲುವುದಿಲ್ಲ. ಪ್ರಯೋಗಾಲಯ ಕೊಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲೇ ಹಿಡಿಯಬೇಕು, ಆದರೆ ಮನೆಯ ಲೋಹದ ಪಾತ್ರೆಯಲ್ಲಿ ಹಿಡಿದು ಸುರಿಯುತ್ತಾರೆ. ರೋಗ ಪತ್ತೆಯಾದರೆ ಒಡಹುಟ್ಟಿದವರನ್ನೂ ಅದೇ ವಾರ ಪರೀಕ್ಷಿಸಬೇಕು. ರಕ್ತಸಂಬಂಧದಲ್ಲಿ ಮದುವೆ ನಡೆಯುವ ಊರುಗಳಲ್ಲಂತೂ ಇದನ್ನು ಮರೆಯುವಂತಿಲ್ಲ.

ಇವೆರಡರ ಜತೆಗೆ ಇನ್ನೊಂದು ಚಿಕ್ಕ ಮಾತು. ಸಕ್ಕರೆ ಕಾಯಿಲೆಯ ವೃದ್ಧರೊಬ್ಬರ ಒಂದು ಕೈ ಇದ್ದಕ್ಕಿದ್ದಂತೆ ಬೀಸಿ ಎಸೆದಂತೆ ಆಡತೊಡಗಿದರೆ ಮೊದಲು ಗ್ಲುಕೋಮೀಟರ್ ತೆಗೆಯಿರಿ. ಸಕ್ಕರೆ ಹತೋಟಿಗೆ ಬಂದರೆ ದಿನಗಳಲ್ಲೋ ವಾರಗಳಲ್ಲೋ ಬಹುತೇಕರಿಗೆ ಇಳಿಯುತ್ತದೆ. ಇದಕ್ಕೆ ಬೆಂಗಳೂರು ಬೇಡ.

ಇಷ್ಟು ಸೋಸಿದ ಮೇಲೆ, ಟ್ರೈಹೆಕ್ಸಿಫೆನಿಡಿಲ್‌ನಂಥ ಮಾತ್ರೆಗೂ ಸ್ನಾಯು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ನಿಗೂ ಬಗ್ಗದವರು ಉಳಿಯುತ್ತಾರೆ. ಡೀಪ್ ಬ್ರೈನ್ ಸ್ಟಿಮ್ಯುಲೇಷನ್, ಅಂದರೆ ಡಿಬಿಎಸ್, ಅವರಿಗಾಗಿ ಇರುವುದು. ಜನ ಇದನ್ನು ಮೆದುಳಿನ ಪೇಸ್‌ಮೇಕರ್ ಎನ್ನುತ್ತಾರೆ, ತಪ್ಪೇನಿಲ್ಲ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ನರಶಸ್ತ್ರಚಿಕಿತ್ಸಕ ಬೆನಬಿಡ್ ಅವರು ನಡುಕಕ್ಕೆಂದು ಆರಂಭಿಸಿದ ವಿಧಾನ ಇದು. ತಲೆಗೆ ನಾಲ್ಕು ತಿರುಪುಗಳಿಂದ ಚೌಕಟ್ಟು ಬಿಗಿದು ಸಿಟಿ ಸ್ಕ್ಯಾನ್ ಮಾಡುತ್ತಾರೆ, ಅದನ್ನು ಮೊದಲೇ ತೆಗೆದ ಎಂಆರ್‌ಐ ಮೇಲೆ ಹೊಂದಿಸುತ್ತಾರೆ. ಡಿಸ್ಟೋನಿಯಾಕ್ಕೆ ಗುರಿ ಮೆದುಳಿನಾಳದ ಗ್ಲೋಬಸ್ ಪ್ಯಾಲಿಡಸ್ ಎಂಬ ನರಗಂಟಿನ ಒಳಭಾಗ, ಮೆದುಳಿನ ನಡುಗೆರೆಯಿಂದ ಪಕ್ಕಕ್ಕೆ ಸುಮಾರು 20 ಮಿಲಿಮೀಟರ್. ಬುರುಡೆಯಲ್ಲಿ ನಾಣ್ಯದ ಗಾತ್ರಕ್ಕಿಂತ ಚಿಕ್ಕ ರಂಧ್ರ ಕೊರೆದು 1.27 ಮಿಲಿಮೀಟರ್ ದಪ್ಪದ ತಂತಿ ಇಳಿಸುತ್ತಾರೆ. ಗುರಿಯ ಕೆಳಗೇ ದೃಷ್ಟಿಯ ನರಪಟ್ಟಿ ಇದೆ, ಒಳಬದಿಗೆ ಕೈಕಾಲು ಆಡಿಸುವ ನರಗಳ ಕಟ್ಟು. ಪರೀಕ್ಷೆಯ ಕರೆಂಟು ಹರಿಸಿದಾಗ ಕಣ್ಣಲ್ಲಿ ಮಿಂಚು ಕಂಡರೆ ತಂತಿ ಆಳಕ್ಕೆ ಹೋಗಿದೆ, ತುಟಿಯ ಕೊನೆ ಎಳೆದರೆ ಒಳಕ್ಕೆ ಸರಿದಿದೆ ಎಂದು ಲೆಕ್ಕ. ರಂಧ್ರದಿಂದ ಮೆದುಳು ನೀರು ಹೆಚ್ಚು ಸೋರಿದರೆ ಗಾಳಿ ಒಳಹೊಕ್ಕು ಮೆದುಳೇ ಒಂದೆರಡು ಮಿಲಿಮೀಟರ್ ಕುಸಿಯುತ್ತದೆ, ಹಾಕಿದ ಲೆಕ್ಕವೆಲ್ಲ ತಪ್ಪುತ್ತದೆ. ಆಮೇಲೆ ತಂತಿಯನ್ನು ಚರ್ಮದಡಿ ಕಿವಿಯ ಹಿಂದಿನಿಂದ ಕುತ್ತಿಗೆಗುಂಟ ಇಳಿಸಿ ಕೊರಳೆಲುಬಿನ ಕೆಳಗಿನ ಬ್ಯಾಟರಿಗೆ ಸೇರಿಸುತ್ತಾರೆ.

ಫಲ ಎಷ್ಟು ಎಂದು ಇಲಾಖೆ ಕೇಳುವುದು ಸಹಜ. 2005ರಲ್ಲಿ ಫ್ರಾನ್ಸಿನ ವೈದ್ಯರು 22 ಮಂದಿಯ ಅಧ್ಯಯನ ಪ್ರಕಟಿಸಿದರು. ಜೀನಿನಿಂದಲೋ ಯಾವ ಕಾರಣವೂ ಕಾಣದೆಯೋ ಬಂದ, ಬೇರೆ ಕಾಯಿಲೆಯೋ ಪೆಟ್ಟೋ ಕಾರಣವಲ್ಲದ ಡಿಸ್ಟೋನಿಯಾದವರು ಅವರೆಲ್ಲ. ತೀವ್ರತೆಯ ಅಂಕ ಸರಾಸರಿ 46ರಿಂದ ಒಂದು ವರ್ಷದಲ್ಲಿ 21ಕ್ಕೆ ಇಳಿಯಿತು. ಮರುವರ್ಷ ಬಂದ 40 ಮಂದಿಯ ಇನ್ನೊಂದು ಅಧ್ಯಯನದಲ್ಲಿ ಅರ್ಧ ಜನರಿಗೆ ಕರೆಂಟು ಹರಿಸಿ, ಉಳಿದವರಿಗೆ ತಂತಿ ಹಾಕಿಯೂ ಕರೆಂಟು ಕೊಡದೆ ಮೂರು ತಿಂಗಳು ನೋಡಿದರು. ಮೊದಲ ಗುಂಪಿಗೆ ಸುಮಾರು 16 ಅಂಕ ಇಳಿಯಿತು, ಎರಡನೆಯದಕ್ಕೆ ಒಂದೂವರೆಯಷ್ಟೂ ಇಲ್ಲ. ಹೆರಿಗೆ ಹೊತ್ತಿನ ಪೆಟ್ಟಿನಿಂದ ಸೆರೆಬ್ರಲ್ ಪಾಲ್ಸಿ ಆದವರ ಕತೆ ಬೇರೆ. 2009ರ ಅಧ್ಯಯನದಲ್ಲಿ ಅಂಥ 13 ವಯಸ್ಕರಿಗೆ ಸರಾಸರಿ ನೂರಕ್ಕೆ 24ರಷ್ಟು ಮಾತ್ರ ಸುಧಾರಣೆ. ಅವರಿಗೆ ಮಾಡಲೇಬಾರದು ಎಂದಲ್ಲ, ಆದರೆ ಮನೆ ಅಡವಿಟ್ಟು ಬರುವವರಿಗೆ ಈ ವ್ಯತ್ಯಾಸವನ್ನು ಸಹಿ ಹಾಕಿಸುವ ಮುಂಚೆಯೇ ಹೇಳಬೇಕು. ಇನ್ನೊಂದು ಸಂಗತಿಯೂ ಇದೆ: ಕೀಲು ಒಮ್ಮೆ ಗಟ್ಟಿಯಾಗಿ ಕೂತರೆ ಯಾವ ಕರೆಂಟೂ ಅದನ್ನು ಬಿಡಿಸದು. ಹತ್ತು ವರ್ಷ ಕಾದು ಬಂದವರಿಗಿಂತ ಬೇಗ ಬಂದವರಿಗೆ ಫಲ ಹೆಚ್ಚು.

ಈಗ ನಮ್ಮ ಮುಖ್ಯ ವಿಷಯಕ್ಕೆ ಬರುತ್ತೇವೆ. ನಡುಕಕ್ಕೆ ಡಿಬಿಎಸ್ ಹಾಕಿದರೆ ಸ್ವಿಚ್ ಒತ್ತಿದ ನಿಮಿಷದಲ್ಲೇ ಕೈ ನಿಲ್ಲುತ್ತದೆ, ಹೊಂದಿಸುವವರಿಗೆ ಫಲ ಕಣ್ಣೆದುರೇ ಇರುತ್ತದೆ. ಡಿಸ್ಟೋನಿಯಾದಲ್ಲಿ ಹಾಗಲ್ಲ. ಜರ್ಕು ಹೊಡೆಯುವ ಚಲನೆ ದಿನಗಳಲ್ಲಿ ಇಳಿದರೆ, ಬಿಗಿದು ಕೂತ ಭಂಗಿ ಸಡಿಲವಾಗಲು ತಿಂಗಳುಗಳೇ ಬೇಕು, ಕೆಲವರಿಗೆ ಒಂದು ವರ್ಷ. ಹೀಗಾಗಿ ಇವತ್ತು 130 ಹರ್ಟ್ಸ್‌ನಲ್ಲಿ ಯಾವ ತುದಿಗೆ ಎಷ್ಟು ಕರೆಂಟು ಎಂದು ನಿಗದಿ ಮಾಡಿದರೆ, ಸರಿಯೋ ತಪ್ಪೋ ಎಂದು ಗೊತ್ತಾಗಲು ಮೂರು ನಾಲ್ಕು ವಾರ ಕಾಯಬೇಕು. ಮತ್ತೆ ಬದಲಿಸಬೇಕು, ಮತ್ತೆ ಕಾಯಬೇಕು. ಮೊದಲ ವರ್ಷ ಆರರಿಂದ ಹತ್ತು ಭೇಟಿ ಬೇಕಾಗುವುದು ಸಾಮಾನ್ಯ. ಬೆನ್ನು ಬಿಲ್ಲಾದ ಹುಡುಗನನ್ನು ರಾತ್ರಿ ಬಸ್ಸಿನಲ್ಲಿ ಮಲಗಿಸಿ 350 ಕಿಲೋಮೀಟರ್ ಹತ್ತು ಸಲ ಹೋಗಿಬರುವುದನ್ನು ಲೆಕ್ಕ ಹಾಕಿ. ಜತೆಗೆ ಇಬ್ಬರ ಕೂಲಿ. ಜುಲೈಯಲ್ಲಿ ಶಿರಾಡಿ ಘಾಟಿ ಮುಚ್ಚಿದರೆ ಆ ತಿಂಗಳ ಭೇಟಿ ತಪ್ಪಿತೆಂದೇ ಅರ್ಥ. ಹೀಗೆ ನಾಲ್ಕನೇ ಭೇಟಿಗೆ ಬರುವುದನ್ನು ಬಿಟ್ಟವರ ಪಾಲಿಗೆ ಲಕ್ಷಾಂತರ ರೂಪಾಯಿಯ ಯಂತ್ರ ಅರೆಬರೆ ಹೊಂದಿಕೆಯಲ್ಲೇ ಉಳಿಯುತ್ತದೆ.

ಹೊಂದಿಸುವ ಕೆಲಸಕ್ಕೆ ಥಿಯೇಟರ್ ಬೇಡ. ಒಂದು ಕೋಣೆ, ತರಬೇತಾದ ಒಬ್ಬ ವೈದ್ಯರು, ಒಬ್ಬ ನರ್ಸ್, ಪ್ರೋಗ್ರಾಮರ್ ಎಂಬ ಟ್ಯಾಬ್ಲೆಟ್. ಒಂದು ಕಂಪನಿಯ ಪ್ರೋಗ್ರಾಮರ್ ಇನ್ನೊಂದರ ಯಂತ್ರಕ್ಕೆ ಆಗದು, ಅದರಿಂದ ಬಳಕೆಯಲ್ಲಿರುವ ಎಲ್ಲ ಕಂಪನಿಗಳದ್ದೂ ಒಂದೊಂದು ಬೇಕು. ವೆನ್ಲಾಕಿನಲ್ಲಿ ಒಂದು, ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ಒಂದು, ತಿಂಗಳಿಗೊಂದು ದಿನ. ನಿಮ್ಹಾನ್ಸ್ ಜತೆಗೂಡಿ ಸರ್ಕಾರವೇ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮದಡಿ ಈ ದಿನವನ್ನು ಸೇರಿಸಿದರೆ ಹೊಸ ಹುದ್ದೆಯೂ ಬೇಕಾಗದು.

ಕೆಡುವುದು ಎಲ್ಲಿ ಎಂಬುದನ್ನೂ ಹೇಳಿಬಿಡುತ್ತೇವೆ. ಕುತ್ತಿಗೆ ಸದಾ ತಿರುಚುವವರಲ್ಲಿ ತಂತಿಯ ಜೋಡಣೆ ಕುತ್ತಿಗೆಗೆ ಇಳಿದಿದ್ದರೆ ಅಲ್ಲೇ ತುಂಡಾಗುತ್ತದೆ. ಅದಕ್ಕೇ ಜೋಡಣೆ ಬುರುಡೆಯ ಮೇಲೇ ಇರಬೇಕು. ಪ್ರೋಗ್ರಾಮರಿನಲ್ಲಿ ಕರೆಂಟಿಗೆ ತಂತಿ ಒಡ್ಡುವ ರೋಧ ವಿಪರೀತ ಏರಿದ್ದು ಕಂಡರೆ ತುಂಡಾಗಿದೆ ಎಂದು ತಿಳಿದು ಎಕ್ಸ್‌ರೇ ತೆಗೆಸಬೇಕು. ಕಿವಿಯ ಹಿಂದೆ ಚರ್ಮ ಕೆಂಪಾಗುವುದು ಇನ್ನೊಂದು ತೊಂದರೆ. ನಮ್ಮ ಸೆಕೆ, ಬೆವರು, ಅದರ ಮೇಲೆ ಹೆಲ್ಮೆಟ್ಟಿನ ಉಜ್ಜಾಟ. ಕೆಂಪು ಕಂಡ ದಿನವೇ ತೋರಿಸಬೇಕು. ಊತಕ್ಕೆ ಸೂಜಿ ಚುಚ್ಚಿ ನೀರು ತೆಗೆಯಬಾರದು, ಸೋಂಕು ತಂತಿಗುಂಟ ಮೇಲೇರುತ್ತದೆ. ರೀಚಾರ್ಜ್ ಆಗುವ ಬ್ಯಾಟರಿ ಹೆಚ್ಚು ವರ್ಷ ಬಾಳುತ್ತದೆ ನಿಜ, ಆದರೆ ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟಿಲ್ಲದ ಸುಳ್ಯ, ಬೆಳ್ತಂಗಡಿಯ ಒಳಹಳ್ಳಿಗಳಲ್ಲಿ ಅದನ್ನು ಕೊಡುವ ಮುಂಚೆ ಮನೆಯಲ್ಲಿ ಇನ್ವರ್ಟರ್ ಇದೆಯೇ ಎಂದು ಕೇಳಬೇಕು.

ರೀಚಾರ್ಜ್ ಆಗದ ಬ್ಯಾಟರಿ ಡಿಸ್ಟೋನಿಯಾದವರಲ್ಲಿ ಮೂರು ನಾಲ್ಕು ವರ್ಷಕ್ಕೆ ಮುಗಿಯುವುದುಂಟು, ಇವರಿಗೆ ಹರಿಸುವ ಕರೆಂಟು ಹೆಚ್ಚಿರುವುದರಿಂದ. ಮುಗಿದದ್ದು ತಿಳಿಯದೆ ಹೋದರೆ ಕಾಯಿಲೆ ಒಮ್ಮೆಲೇ ತಿರುಗಿ ಬೀಳುತ್ತದೆ. ಮೈಯೆಲ್ಲ ಬಿಡದೆ ಬಿಗಿಯುತ್ತದೆ, ಜ್ವರ ಏರುತ್ತದೆ, ಸ್ನಾಯು ಕರಗಿ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ, ಮೂತ್ರಪಿಂಡ ಸೋಲುತ್ತದೆ. ಕ್ಯಾಶುವಾಲ್ಟಿಯಲ್ಲಿ ಇದನ್ನು ಫಿಟ್ಸ್ ಎಂದು ತಿಳಿದು ಫೆನಿಟಾಯಿನ್ ಏರಿಸುತ್ತಾರೆ, ಏನೂ ಆಗುವುದಿಲ್ಲ. ಫಿಟ್ಸ್‌ನಲ್ಲಿ ಮೈಯೆಲ್ಲ ಹೀಗೆ ಸೆಟೆದರೆ ಪ್ರಜ್ಞೆ ಇರದು, ಇಲ್ಲಿ ರೋಗಿ ಎಚ್ಚರವಾಗಿದ್ದು ನೋವಿನಿಂದ ಕೂಗುತ್ತಿರುತ್ತಾರೆ. ಮೊದಲು ರೋಗಿಯ ಬಳಿ ಇರುವ ಪುಟ್ಟ ರಿಮೋಟ್ ಹಚ್ಚಿ ಯಂತ್ರ ಆನ್ ಇದೆಯೇ, ಬ್ಯಾಟರಿ ಇದೆಯೇ ನೋಡಿ. ಡ್ರಿಪ್ ಹಾಕಿ, ಸ್ನಾಯು ಕರಗಿದ್ದನ್ನು ತೋರಿಸುವ ಸಿಕೆ ಮತ್ತು ಪೊಟ್ಯಾಷಿಯಂ ಪರೀಕ್ಷೆಗೆ ರಕ್ತ ಕಳಿಸಿ, ಮಿಡಜೊಲಾಂ ಶುರು ಮಾಡಿ, ಉಸಿರಾಟದ ಮೇಲೆ ಕಣ್ಣಿಡಿ. ಹ್ಯಾಲೊಪೆರಿಡಾಲ್ ಕೊಡಬೇಡಿ. ಇದೇ ಮಾತು ಬರೆದ ಒಂದು ಪುಟ ಎರಡೂ ಜಿಲ್ಲೆಗಳ ಎಲ್ಲ ಕ್ಯಾಶುವಾಲ್ಟಿಗಳ ಗೋಡೆಯ ಮೇಲಿರಲಿ.

ಹಣದ ವಿಚಾರ. ಒಟ್ಟು ಖರ್ಚು ಹತ್ತು ಲಕ್ಷದ ಆಚೀಚೆ, ಅದರಲ್ಲಿ ಬಹುಪಾಲು ಯಂತ್ರದ್ದೇ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಇದಕ್ಕೆ ದರ ನಿಗದಿ ಮಾಡುವಾಗ ಅಪೆಂಡಿಕ್ಸ್ ತೆಗೆದಂತೆ ಒಂದು ಸಲದ ಪ್ಯಾಕೇಜ್ ಮಾಡಿದರೆ ಸಾಲದು. ಮೊದಲ ವರ್ಷದ ಹತ್ತು ಭೇಟಿ, ಮುಂದಿನ ಬ್ಯಾಟರಿ ಬದಲಾವಣೆ, ತುಂಡಾದ ತಂತಿ, ಈ ಮೂರೂ ಆದೇಶದಲ್ಲೇ ಇರಬೇಕು. ಬ್ಯಾಟರಿಯ ದುಡ್ಡು ಎಲ್ಲಿಂದ ಎಂಬುದಕ್ಕೆ ಉತ್ತರವಿಲ್ಲದೆ ಬಡವರ ತಲೆಗೆ ತಂತಿ ಹಾಕುವುದು ತಪ್ಪು ಎಂದೇ ನಮ್ಮ ಅಭಿಪ್ರಾಯ.

ಅಂಥವರಿಗೆ ಇನ್ನೊಂದು ದಾರಿ ಉಂಟು. ಬಿಸಿ ಸೂಜಿಯ ತುದಿಯಿಂದ ಅದೇ ಜಾಗವನ್ನೋ ಮೆದುಳಿನಾಳದ ಇನ್ನೊಂದು ಗಂಟಾದ ಥಲಾಮಸ್‌ನ ಒಂದು ಚುಕ್ಕೆಯನ್ನೋ ಸುಡುವುದು. ಸುಮಾರು 70 ಡಿಗ್ರಿ, 60 ಸೆಕೆಂಡು. ಬ್ಯಾಟರಿಯಿಲ್ಲ, ಹೊಂದಿಸುವ ಕೆಲಸವಿಲ್ಲ. ಒಂದೇ ಕೈಯ ಬರಹದ ಡಿಸ್ಟೋನಿಯಾಕ್ಕೂ ವಾದ್ಯಗಾರರ ಬೆರಳಿಗೂ ಇದು ಚೆನ್ನಾಗಿ ಒಗ್ಗುತ್ತದೆ. 2017ರಲ್ಲಿ ಬೆಂಗಳೂರಿನಲ್ಲಿ ರೋಗಿ ಗಿಟಾರ್ ನುಡಿಸುತ್ತಿರುವಾಗಲೇ ಮಾಡಿದ್ದು ಇದನ್ನೇ. ಕರ್ನಾಟಕಕ್ಕೆ ಈ ವಿದ್ಯೆ ಹೊಸದೂ ಅಲ್ಲ. ನಿಮ್ಹಾನ್ಸ್‌ನ ಸ್ಥಾಪಕ ನಿರ್ದೇಶಕ ಡಾ. ಆರ್. ಮಾರ್ತಾಂಡ ವರ್ಮ ಪಾರ್ಕಿನ್ಸನ್‌ಗೆ ಚೌಕಟ್ಟಿಲ್ಲದೆ ಬರಿಗೈಯಲ್ಲೇ ಸೂಜಿ ಇಳಿಸುವ ವಿಧಾನ ರೂಪಿಸಿ ಹೆಸರಾದವರು. ಸುಟ್ಟದ್ದನ್ನು ಮರಳಿ ಪಡೆಯಲಾಗದು, ಎರಡೂ ಬದಿ ಸುಟ್ಟರೆ ಮಾತು ಮತ್ತು ನುಂಗುವಿಕೆ ಕೆಡುವ ಅಪಾಯವಿದೆ. ಹಾಗಿದ್ದರೂ ಮರುಭೇಟಿಗೆ ಬರಲಾಗದವರ ಮುಂದೆ ಈ ಆಯ್ಕೆಯನ್ನೂ ಇಡಬೇಕು. ಅಗ್ಗದ್ದೆಂದು ಮುಚ್ಚಿಡಬಾರದು.

ಕೊನೆಯದಾಗಿ, ನಾಳೆಯೇ ಆಗಬಹುದಾದ ಒಂದು ಕೆಲಸ. ಮೊಣಕಾಲು ನೋವಿಗೆ, ಬೆನ್ನುನೋವಿಗೆ ಫಿಸಿಯೋಥೆರಪಿಯಲ್ಲಿ ರೇಡಿಯೋ ಅಲೆಗಳಿಂದ ಕಾವು ಕೊಡುವ ಶಾರ್ಟ್‌ವೇವ್ ಡಯಾಥರ್ಮಿ ಹಚ್ಚುತ್ತಾರೆ. ಅದರ ಅಲೆಗಳನ್ನು ಮೈಯೊಳಗಿನ ತಂತಿ ಹಿಡಿದುಕೊಂಡು ಮೆದುಳಲ್ಲಿರುವ ತುದಿಗೆ ಸಾಗಿಸಿ ಅಲ್ಲಿ ಕಾಯಿಸುತ್ತದೆ. 2001ರಲ್ಲಿ ಅಮೆರಿಕದಿಂದ ವರದಿಯಾದ ಪ್ರಕರಣದಲ್ಲಿ, ಹಲ್ಲು ಕಿತ್ತ ಬಳಿಕ ದವಡೆಗೆ ಡಯಾಥರ್ಮಿ ಕೊಟ್ಟ ಡಿಬಿಎಸ್ ರೋಗಿಯ ಮೆದುಳು ಬೆಂದು, ಪ್ರಜ್ಞೆ ಮರಳಲೇ ಇಲ್ಲ. ಜಿಲ್ಲೆಯ ಪ್ರತಿ ಡಯಾಥರ್ಮಿ ಯಂತ್ರಕ್ಕೂ, ಖಾಸಗಿಯವರದ್ದೂ ಸೇರಿ, ಒಂದು ಚೀಟಿ ಅಂಟಿಸಲು ಆದೇಶ ಕೊಡಿ. ಒಕ್ಕಣೆ ನಾವೇ ಬರೆದಿದ್ದೇವೆ, ತುಳು ಮತ್ತು ಮಲಯಾಳದಲ್ಲೂ ಬರೆದುಕೊಡಬಲ್ಲೆವು:

"ತಲೆಯಲ್ಲಿ ತಂತಿ, ಎದೆಯಲ್ಲಿ ಬ್ಯಾಟರಿ ಇದೆಯೇ? ಮೊದಲು ಹೇಳಿ. ಇದ್ದವರಿಗೆ ಈ ಯಂತ್ರ ಹಚ್ಚುವಂತಿಲ್ಲ. ಮೊಣಕಾಲಿಗೂ ಇಲ್ಲ. ಬ್ಯಾಟರಿ ಆಫ್ ಮಾಡಿದ್ದೇವೆ ಎಂದರೂ ಇಲ್ಲ."

ಇಂತಿ,
ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ ನರರೋಗಿಗಳ ಚಿಕಿತ್ಸೆ, ಶುಶ್ರೂಷೆಯಲ್ಲಿರುವವರು
ಮಂಗಳೂರು